ಹಳದಿ ಬೋರ್ಡು

ಶಾರ್ಜಾದಲ್ಲಿ ಬಿಚ್ಚಿದ್ದು ನಾನೇ.
ಟಯರ್ ಅಂಗಡಿಯ ರುಹುಲ್ ಸ್ಕ್ರೂಡ್ರೈವರ್ ಕೊಟ್ಟು
ನೆರಳಿಗೆ ಸರಿದು ನಿಂತ.
ಮೂರು ಸ್ಕ್ರೂ ಹೇಳಿದ ಮಾತು ಕೇಳಿದವು,
ನಾಲ್ಕನೆಯದು ತುಕ್ಕು ಹಿಡಿದು ಹಟಕ್ಕೆ ಬಿತ್ತು.
ಹಿಂದಿನ ಬೋರ್ಡು ಕೈಗೆ ಬಂದಾಗ ಅದರ ಬೆನ್ನಿಂದ
ಒಂದು ಹಿಡಿ ಮರಳು ಸುರಿಯಿತು, ಒಂದು ಒಣಗಿದ ಜೇಡ,
ಅದರಡಿಗೆ, ಬೋರ್ಡಿನಷ್ಟೇ ಉದ್ದ,
ಕಾರಿನ ಮೊದಲ ಬಣ್ಣ.

ಇಷ್ಟು ನೀಲಿ ಇತ್ತೇ ಇದು?
ನಾನು ಕೊಳ್ಳುವ ಹೊತ್ತಿಗೇ ಬಿಸಿಲು ತಿಂದಿತ್ತು.
ಒಂಬತ್ತು ವರ್ಷ ಎಲ್ಲರಿಗೂ ಹೇಳಿದ್ದೇನೆ,
ಬೂದಿ ಬಣ್ಣದ ಗಾಡಿ, ಲಿಫ್ಟಿನ ಪಕ್ಕ ನಿಂತಿರುತ್ತೆ ನೋಡಿ.

ಲ್ಯಾಬು ಮುಚ್ಚಿತು. ಸೋಹಾರಿನಲ್ಲಿ ಇನ್ನೊಂದು ಲ್ಯಾಬು,
ಅದೇ ರಕ್ತ, ಬೇರೆ ತೋಳು.
ಮಂಚ ಮಾರಿದೆ, ಮಿಕ್ಸಿ ಮಾರಿದೆ, ಕಾರಿಗೆ ಮಾತ್ರ
ಯಾರೂ ಮರ್ಯಾದೆಯ ಬೆಲೆ ಹೇಳಲಿಲ್ಲ,
ಜೊತೆಗೆ ಬಂತು.

ಎಕ್ಸ್‌ಪೋರ್ಟ್ ಪ್ಲೇಟಿಗೆ ಎಣಿಸಿ ಕೊಟ್ಟ ದಿನಗಳ ಆಯುಸ್ಸು.
ಕಲ್ಬಾ ದಾಟಿದರೆ ಎಡಕ್ಕೆ ಸಮುದ್ರ, ಬಲಕ್ಕೆ ಬೋಳು ಗುಡ್ಡ.
ಈ ಗೇಟಿಗೂ ಆ ಗೇಟಿಗೂ ನಡುವೆ ಒಂದಿಷ್ಟು ಟಾರು,
ಅಲ್ಲಿ ನಾವಿಬ್ಬರೂ ಯಾವ ಊರವರೂ ಅಲ್ಲ.
ರೇಡಿಯೋ ಎರಡೂ ಕಡೆಯ ಸೆಕೆಯನ್ನು
ಒಂದೇ ಉಸಿರಿನಲ್ಲಿ ಓದುತ್ತಿತ್ತು.

ಸೋಹಾರಿನ ತಪಾಸಣೆ ಸಾಲು, ಬೆಳಿಗ್ಗೆ ಏಳು.
ಯಾಕೂಬ್ ಬಲೂಶಿ ಬಾನೆಟ್ ಎತ್ತಿ
ಚಾಸಿ ನಂಬರಿನ ಜಿಡ್ಡು ಒರೆಸಿದ,
ಕಾಗದವಿಟ್ಟು ಮೇಲೆ ಪೆನ್ಸಿಲ್ ಉಜ್ಜಿದ,
ನಾವು ನಾಲ್ಕಾಣೆ ಮೇಲೆ ಉಜ್ಜುತ್ತಿದ್ದೆವಲ್ಲ, ಹಾಗೆ.
ಒಂದೊಂದೇ ಅಂಕಿ ಎದ್ದು ಬಂತು.
"ಇದೊಂದು ಬದಲಾಗಲ್ಲ," ಅಂದ, ಮುರುಕು ಹಿಂದಿಯಲ್ಲಿ, ದೊಡ್ಡದಾಗಿ.
ಆಮೇಲೆ ಟಯರಿನ ಇಸವಿ ನೋಡಿ
ಫೇಲು ಮಾಡಿದ.

ಅರಬಿಯಲ್ಲಿ ಪ ಇಲ್ಲ.
ಫಾರಂ ಟೈಪಾಗಿ ಬಂದಾಗ ನಾನು ಬದ್ಮಿನಿ.
ಅಪ್ಪ ಕೇಳಿದ್ದರೆ ನಗುತ್ತಿದ್ದ.
ಹುಬ್ಬಳ್ಳಿ ಸ್ಟೇಷನ್ ಎದುರಿನ ಸ್ಟ್ಯಾಂಡಿನಲ್ಲಿ
ಸಾಹುಕಾರರ ಪದ್ಮಿನಿ ಓಡಿಸುತ್ತಿದ್ದವ;
ನಾನು ಹುಟ್ಟಿದ ದಿನ ಪೇಢೆ ಹಂಚಿ
ಕಾರಿನ ಹೆಸರನ್ನೇ ಇಟ್ಟುಬಿಟ್ಟ.
"ಬಿಳಿ ಬೋರ್ಡ್ ಇತ್ತಂದ್ರ ಗಾಡಿ ಮನೀದು,
ಹಳದಿ ಇತ್ತಂದ್ರ ಮಂದೀದು, ತಿಳೀತಿಲ್ಲೋ ಮಗಳ?"
ಗಿರಾಕಿ ಇಲ್ಲದ ರವಿವಾರ, ಸಾಹುಕಾರರಿಗೆ ಗೊತ್ತಾಗದಂತೆ
ನಮ್ಮನ್ನು ಕೂಡಿಸಿಕೊಂಡು ಉಣಕಲ್ ಕೆರೆಗೆ.
ದಾರಿಯಲ್ಲಿ ಪೊಲೀಸ್ ಕಂಡರೆ
ಹಿಂದಿನ ಸೀಟಿನಲ್ಲಿ ಅವ್ವ ಸೆರಗು ಸರಿಮಾಡಿಕೊಂಡು
ಗಿರಾಕಿಯ ಮುಖ ಮಾಡಬೇಕು.
ಅವ್ವ ಅದನ್ನು ಚೆನ್ನಾಗಿ ಮಾಡುತ್ತಿದ್ದಳು,
ಒಮ್ಮೆ ಇಳಿಯುವಾಗ ಅಪ್ಪನಿಗೆ ಐದು ರೂಪಾಯಿ ಕೊಟ್ಟಳು ಕೂಡ.

ಎರಡನೆಯ ಸಲ ಪಾಸು.
ಕಿಟಕಿಯೊಳಗಿಂದ ಬಂದವು, ಇನ್ನೂ ಬಣ್ಣದ ವಾಸನೆ,
ಎರಡು ಬೋರ್ಡು, ಹಳದಿ.
ರಸ್ತೆಯಲ್ಲಿ ನೋಡಿರಲಿಲ್ಲವೆಂದಲ್ಲ.
ಕೈಗೆ ಬಂದರೆ ಬೇರೆ.
"ಇದು ಟ್ಯಾಕ್ಸಿ ಅಲ್ಲ," ಅಂದೆ, "ಸ್ವಂತದ್ದು."
ಯಾಕೂಬ್ ನನ್ನನ್ನೂ ಬೋರ್ಡನ್ನೂ ನೋಡಿದ.
"ಸ್ವಂತದ್ದೇ. ಅದಕ್ಕೇ ಹಳದಿ."

ನಂಬರು ಎಂಟು, ಐದು, ಸೊನ್ನೆ, ಐದು.
ಅರಬಿಯಲ್ಲಿ ಎಂಟು ಒಂದು ಮನೆಯ ಮಾಡು,
ಅವರ ಐದು ನಮ್ಮ ಸೊನ್ನೆ,
ಅವರ ಸೊನ್ನೆ ಬರೀ ಒಂದು ಚುಕ್ಕಿ.
ನನ್ನ ಶಾಲೆಯ ಕಣ್ಣಿಂದ ಓದಿದರೆ
ಒಂದು ಮಾಡು, ಅದರಾಚೆ ಏನೂ ಇಲ್ಲ, ಏನೂ ಇಲ್ಲ.
ಅವರ ಕಣ್ಣಿಂದ ಎಂಟು ಸಾವಿರದ ಚಿಲ್ಲರೆ.

ಸಂಜೆ ಕೂರಿಸಿದ್ದೂ ನಾನೇ.
ಹೊಸದು ಹಳೆಯದಕ್ಕಿಂತ ಗಿಡ್ಡ,
ಪಕ್ಕದಲ್ಲಿ ಬೆರಳಗಲ ನೀಲಿ ಹೊರಗೇ ಉಳಿಯಿತು.
ಮುಚ್ಚಲು ಸ್ಟಿಕರ್ ಇದೆ, ಇನ್ನೂರು ಬೈಸಾ, ಅಂದ ಅಂಗಡಿಯ ಹುಡುಗ.
ಬೇಡ ಅಂದೆ.

ರೌಂಡಬೌಟಿನಲ್ಲಿ ಒಬ್ಬ ಪೊಲೀಸ್, ಸುಮ್ಮನೆ ನಿಂತಿದ್ದ.
ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ,
ಸ್ಟೇರಿಂಗ್ ಹಿಡಿದೇ
ದುಪಟ್ಟ ಸರಿಮಾಡಿಕೊಂಡು
ಗಿರಾಕಿಯ ಮುಖ ಮಾಡಿ ಕೂತಿದ್ದೇನೆ.